ಕೋಲಾರಕ್ಕೆ ಹೊಸಬರಾ? ಹಾಡು, ಸೀರಿಯಲ್ ಹಿಡಿದು ಜನರ ಪರಿಚಯ ಮಾಡಿಕೊಳ್ಳುವುದು ಹೀಗೆ

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಕೋಲಾರದ ಪಿಜಿಗೆ ಬಂದವರು, ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿನವರು, ಮದುವೆಯಾಗಿ ಈ ಊರು ಸೇರಿದ ಹೆಣ್ಣುಮಕ್ಕಳು, ಎಲ್ಲರಿಗೂ ಮೊದಮೊದಲು ಒಂದೇ ಕಷ್ಟ. ಕೆಲಸದ ಮಾತಾಡಲು ಬೇಕಾದಷ್ಟು ಜನ ಇರುತ್ತಾರೆ. ಕೆಲಸ ಮುಗಿದ ಮೇಲೆ ಸುಮ್ನೆ ಮಾತಾಡಲು ಯಾರೂ ಇರುವುದಿಲ್ಲ. "ಊಟ ಆಯ್ತಾ?" ಎನ್ನುವವರು ಸಿಗುತ್ತಾರೆ. "ಆಯ್ತು" ಅಂದರೆ ಮಾತು ಮುಗಿಯಿತು.

ಹಾಡು ಮತ್ತು ಟಿವಿ ಹಿಡಿದು ಹೊರಟರೆ ಪರಿಚಯ ಬೇಗ ಆಗುತ್ತದೆ. ಆದರೆ ನಮಗೆ ಏನೇನು ಇಷ್ಟ ಎಂದು ಹೇಳಿಕೊಂಡು ತಿರುಗಿದರೆ ಆಗುವುದಿಲ್ಲ. ಎದುರಿನವರಿಗೆ ಇಷ್ಟವಾದ ಒಂದು ಹಾಡು ಯಾವುದೆಂದು ತಿಳಿದುಕೊಳ್ಳಬೇಕು. ರೂಮಿಗೆ ಹೋಗಿ ಅದನ್ನು ನಿಜವಾಗಿ ಕೇಳಬೇಕು. ಮರುದಿನ ಬಂದು ಅದರ ಬಗ್ಗೆ ಒಂದು ಮಾತು ಆಡಬೇಕು. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಉಳಿದದ್ದೆಲ್ಲ ಅದನ್ನು ಎಲ್ಲಿ, ಯಾರ ಜೊತೆ, ಹೇಗೆ ಮಾಡಬೇಕು ಎಂಬ ವಿವರ.

ಮೊದಲು ನಿಮ್ಮದನ್ನು ಗೊತ್ತು ಮಾಡಿಕೊಳ್ಳಿ

"ಯಾವ ಹಾಡು ಇಷ್ಟ?" ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಎಲ್ಲಾ ಕೇಳ್ತೀನಿ" ಅನ್ನುತ್ತಾರೆ. ಅದು ನಿಜವೇ ಇರಬಹುದು. ಆದರೆ ಕೇಳಿದವರಿಗೆ ಮುಂದೇನು ಕೇಳಬೇಕೋ ತೋಚುವುದಿಲ್ಲ. ಅದಕ್ಕೇ ಮೂರು ಉತ್ತರ ಸಿದ್ಧ ಇಟ್ಟುಕೊಳ್ಳಿ. ಇಷ್ಟದ ಒಬ್ಬ ಗಾಯಕ ಅಥವಾ ಗಾಯಕಿ, ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ ಒಂದು ಹಾಡು, ಈಗ ತಪ್ಪಿಸದೆ ನೋಡುವ ಒಂದು ಟಿವಿ ಕಾರ್ಯಕ್ರಮ. ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದವಾದರೂ ಸರಿ.

ಸೀರಿಯಲ್ ನೋಡುತ್ತೀನಿ ಅಂದರೆ ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಡಬೇಡಿ. ನಿಮ್ಮ ಹಾಗೆ ಮುಚ್ಚಿಟ್ಟುಕೊಂಡವರು ನೀವು ದಿನಾ ಓಡಾಡುವ ಬಸ್ಸಿನಲ್ಲೇ ಇನ್ನೂ ಹತ್ತು ಜನ ಇರುತ್ತಾರೆ.

ಹಾಡು ಕೇಳಿಸುವ ಕಡೆಯಿಂದ ಶುರು ಮಾಡಿ

ಮೊದಲ ವಾರ ಬಸ್ಸಿನಲ್ಲಿ ಇಯರ್‌ಫೋನ್ ಹಾಕಬೇಡಿ. ಇದನ್ನು ಕೇಳಿದವರೆಲ್ಲ ಮುಖ ಸಣ್ಣ ಮಾಡುತ್ತಾರೆ, ಆದರೂ ಹೇಳುತ್ತೇನೆ. ಕಿವಿ ಮುಚ್ಚಿಕೊಂಡು ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಕಿವಿ ತೆರೆದಿದ್ದರೆ ಊರು ಏನು ಕೇಳುತ್ತಿದೆ ಅಂತ ಗೊತ್ತಾಗುತ್ತದೆ. ಕಂಪನಿ ಬಸ್ಸಿನ ಡ್ರೈವರ್ ಹಾಕುವ ಹಳೇ ಹಾಡು, ಟೈಲರ್ ಅಂಗಡಿಯ ರೇಡಿಯೋ, ಕಟಿಂಗ್ ಶಾಪಿನ ಟಿವಿ, ಟೀ ಅಂಗಡಿಯವನ ಮೊಬೈಲು. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಾದರೆ ಇನ್ನೂ ಸುಲಭ. ಅದೇ ಬೋಗಿ, ಹೆಚ್ಚುಕಡಿಮೆ ಅದೇ ಮುಖಗಳು.

ಮೊದಲ ಮಾತು ಪ್ರಶ್ನೆಯಾಗಿರಲಿ. ಅದೂ ಎದುರಿನವರಿಗೆ ಖಂಡಿತ ಉತ್ತರ ಗೊತ್ತಿರುವ ಪ್ರಶ್ನೆ.

"ಅಣ್ಣಾ, ಈ ಹಾಡು ಯಾರು ಹಾಡಿರೋದು?"

"ಜಾನಕಮ್ಮ ಅಲ್ವಾ! ಗೊತ್ತಿಲ್ವಾ ನಿಂಗೆ?"

"ನಿಮ್ಮ ಹತ್ರ ಅವರದು ಇನ್ನೂ ಇದಾವಾ?"

ಅಷ್ಟು ಸಾಕು. ನಾಳೆ ನೀವು ಬಸ್ ಹತ್ತುವಾಗ ಆ ಅಣ್ಣನೇ "ಇದು ಕೇಳು" ಅಂತ ಇನ್ನೊಂದು ಹಾಕುತ್ತಾನೆ. ಹಾಡಿದ್ದು ಯಾರು ಅಂತ ಮೊಬೈಲಿನಲ್ಲೇ ಹುಡುಕಬಹುದಿತ್ತು, ನಿಜ. ಆದರೆ ನಮಗೆ ಬೇಕಾದದ್ದು ಬರೀ ಹೆಸರಲ್ಲವಲ್ಲ. ಒಬ್ಬರಿಗೆ ತಿಳಿದಿರುವುದನ್ನು ಕೇಳಿದರೆ ಅವರಿಗೆ ಖುಷಿಯಾಗುತ್ತದೆ. "ಹಾಡು ಚೆನ್ನಾಗಿದೆ" ಅಂದರೆ "ಹೂಂ" ಅನ್ನುತ್ತಾರೆ, ಅಷ್ಟೇ. "ನಿಮ್ಮ ಹವ್ಯಾಸ ಏನು?" ಅಂದರೆ ಇಂಟರ್‌ವ್ಯೂಗೆ ಬಂದ ಹಾಗಾಗುತ್ತದೆ.

ಹೊತ್ತು ನೋಡಿ ಮಾತಾಡಿಸಿ. ನೈಟ್ ಶಿಫ್ಟ್ ಮುಗಿಸಿ ಕಿಟಕಿಗೆ ತಲೆ ಆನಿಸಿ ಕೂತವರನ್ನು ಯಾವ ಪ್ರಶ್ನೆಯೂ ಕೇಳಬೇಡಿ.

ಮರುದಿನದ ಮಾತು

ಎಲ್ಲ ಹೆಜ್ಜೆಗಳಲ್ಲಿ ಇದೇ ಮುಖ್ಯ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಪಕ್ಕದ ಸೀಟಿನ ಹುಡುಗಿ ಇಳಯರಾಜ ಅವರ ಒಂದು ಹಳೇ ತಮಿಳು ಹಾಡಿನ ಹೆಸರು ಹೇಳಿದಳು ಅಂತಿಟ್ಟುಕೊಳ್ಳಿ. ಆ ರಾತ್ರಿ ಅದನ್ನು ಕೇಳಿ. ಅಡುಗೆ ಮಾಡುತ್ತಾ, ಮೆಸೇಜ್ ನೋಡುತ್ತಾ ಅಲ್ಲ. ದೀಪ ಆರಿಸಿ ಮಲಗಿ ಒಂದು ಸಲ, ಆಮೇಲೆ ಇನ್ನೊಂದು ಸಲ. ಮೊದಲ ಸಲಕ್ಕೆ ಪಲ್ಲವಿ ಮಾತ್ರ ಹಿಡಿಯುತ್ತದೆ. ಎರಡನೇ ಸಲಕ್ಕೆ ಹಿಂದೆ ನುಡಿಸುವುದು ಕೇಳಿಸುತ್ತದೆ. ಎಲ್ಲಿ ಪಿಟೀಲು ಬಂತು, ಎಲ್ಲಿ ತಬಲಾ ನಿಂತು ದನಿ ಮಾತ್ರ ಉಳಿಯಿತು ಎಂದು ಒಂದು ಜಾಗ ನೆನಪಿಟ್ಟುಕೊಳ್ಳಿ. ಮರುದಿನ ಆ ಒಂದು ಜಾಗದ ಮಾತೆತ್ತಿ. "ಎರಡನೇ ಚರಣಕ್ಕೆ ಮುಂಚೆ ಕೊಳಲು ಬರುತ್ತಲ್ಲ, ಅದನ್ನೇ ಹಿಂದಕ್ಕೆ ಹಾಕಿ ಹಾಕಿ ಕೇಳಿದೆ." ಇದಕ್ಕೂ "ಸೂಪರ್ ಇತ್ತು" ಅನ್ನುವುದಕ್ಕೂ ಅಜಗಜಾಂತರ. ಸೂಪರ್ ಅನ್ನಲು ಹಾಡು ಕೇಳಬೇಕಾಗಿಯೇ ಇಲ್ಲ, ಅದು ಅವಳಿಗೂ ಗೊತ್ತು. ಕೊಳಲಿನ ಮಾತು ಕೇಳಿದ ಕೂಡಲೇ ನೀವು ಅವಳ ಮಾತಿಗೆ ಬೆಲೆ ಕೊಟ್ಟಿರಿ ಅಂತ ತಿಳಿಯುತ್ತದೆ. ಗೆಳೆತನ ಶುರುವಾಗಲು ಅದಕ್ಕಿಂತ ಜಾಸ್ತಿ ಏನೂ ಬೇಡ.

ಹಾಡು ಹಿಡಿಸದಿದ್ದರೆ? ಸುಳ್ಳು ಹೇಳಬೇಡಿ. ಸುಳ್ಳು ಹೇಳಿದರೆ ಅಂಥದೇ ಇನ್ನೂ ಹತ್ತು ಹಾಡು ಬರುತ್ತವೆ, ಹತ್ತಕ್ಕೂ ಸುಳ್ಳು ಹೇಳಬೇಕಾಗುತ್ತದೆ. "ಹಾಡು ನನಗೆ ಅಷ್ಟು ಹತ್ತಿರ ಆಗ್ಲಿಲ್ಲ, ಆದರೆ ದನಿ ತುಂಬಾ ಹಿಡಿಸ್ತು. ಅವರದೇ ಬೇರೆ ಯಾವುದಾದರೂ ಹೇಳ್ತೀರಾ?" ಅನ್ನಿ. ಯಾರಿಗೂ ನೋವಾಗುವುದಿಲ್ಲ, ಮಾತೂ ಮುಂದುವರಿಯುತ್ತದೆ.

ನಿಮ್ಮ ಸರದಿ ಬಂದಾಗ ಒಂದೇ ಒಂದು ಹಾಡು ಕಳಿಸಿ. ವಾಟ್ಸ್ಆ್ಯಪಿನಲ್ಲಿ ಎಂಟು ಲಿಂಕ್ ಒಟ್ಟಿಗೆ ಬಂದರೆ ಯಾರೂ ತೆರೆಯುವುದಿಲ್ಲ. ಲಿಂಕಿನ ಜೊತೆ ಒಂದು ಸಾಲು ಬರೆಯಿರಿ: "ಕೊನೆಯಲ್ಲಿ ಆಲಾಪ ಇದೆ, ಅಲ್ಲಿವರೆಗೂ ಕೇಳಿ." ಕೇಳಿದರಾ, ಕೇಳಿದರಾ ಅಂತ ಮಾತ್ರ ಬೆನ್ನು ಬೀಳಬೇಡಿ.

ಭಾಷೆ ಬೇರೆ ಅಂತ ನಿಲ್ಲಬೇಡಿ

ಮೈಸೂರು, ಹಾಸನ, ಉತ್ತರ ಕರ್ನಾಟಕದ ಕಡೆಯಿಂದ ಬಂದವರಿಗೆ ಇಲ್ಲಿ ಮೊದಲು ಕಾಣುವುದು ಇದೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಕೆ.ಜಿ.ಎಫ್.ನಲ್ಲಿ ಗಣಿ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಬಂದ ತಮಿಳು ಕುಟುಂಬಗಳಿವೆ. ಗಣಿ 2001ರಲ್ಲಿ ಮುಚ್ಚಿತು, ಜನ ಮತ್ತು ಅವರ ಹಾಡು ಉಳಿದಿವೆ. ಕೋಲಾರ ಪೇಟೆಯಲ್ಲಿ ಉರ್ದು ಮಾತಾಡುವವರೂ ಬಹಳ. ಒಂದೇ ಮನೆಯಲ್ಲಿ ಅಜ್ಜಿ ತೆಲುಗು ಸೀರಿಯಲ್, ಮೊಮ್ಮಗಳು ಕನ್ನಡ ಸೀರಿಯಲ್ ನೋಡುವುದು ಇಲ್ಲಿ ಮಾಮೂಲು.

ಇದು ನಿಮಗೆ ಅನುಕೂಲವೇ. ಯಾಕೆಂದರೆ ನಮ್ಮ ದೊಡ್ಡ ದನಿಗಳೆಲ್ಲ ಎಲ್ಲ ಭಾಷೆಯವರಿಗೂ ಸೇರಿದವು. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಹಾಡಿದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಂತೂ ಟಿವಿಯಲ್ಲಿ ಕನ್ನಡದ 'ಎದೆ ತುಂಬಿ ಹಾಡುವೆನು' ಕೂಡ ನಡೆಸಿಕೊಟ್ಟರು, ತೆಲುಗಿನ 'ಪಾಡುತಾ ತೀಯಗಾ' ಕೂಡ. 2020ರಲ್ಲಿ ಅವರು ತೀರಿಕೊಂಡಾಗ ಇಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ಮಾತಾಡಿಕೊಂಡರು. ನಿಮಗೆ ತೆಲುಗು ಬಾರದಿದ್ದರೆ "ಎಸ್‌ಪಿಬಿ ತೆಲುಗಿನಲ್ಲಿ ಹಾಡಿದ್ದರಲ್ಲಿ ನಾನು ಮೊದಲು ಯಾವುದು ಕೇಳಬೇಕು?" ಅಂತ ಕೇಳಿ ನೋಡಿ. ಉತ್ತರ ಒಂದು ಹಾಡಿಗೆ ನಿಲ್ಲುವುದಿಲ್ಲ.

ಅರ್ಥ ಕೇಳುವುದು ಇನ್ನೂ ಒಳ್ಳೆಯ ದಾರಿ. ಒಂದು ಸಾಲು ಬರೆದುಕೊಂಡು ಹೋಗಿ, "ಅಕ್ಕಾ, ಈ ಸಾಲು ಸ್ವಲ್ಪ ಬಿಡಿಸಿ ಹೇಳ್ತೀರಾ?" ಅನ್ನಿ. ಅರ್ಥ ಹೇಳುತ್ತಾ ಹೇಳುತ್ತಾ ಆ ಹಾಡು ಮೊದಲು ಎಲ್ಲಿ ಕೇಳಿದ್ದು, ಯಾರ ಮದುವೆಯಲ್ಲಿ ಹಾಕಿದ್ದರು ಎಂಬ ಕಥೆಯೂ ಬರುತ್ತದೆ. ಆ ಕಥೆಗೆ ಅಡ್ಡ ಬಾಯಿ ಹಾಕಬೇಡಿ.

ವಯಸ್ಸಾದವರ ಜೊತೆ ಮಾತು ಶುರು ಮಾಡಲು ನನಗೆ ಗೊತ್ತಿರುವ ಒಳ್ಳೆಯ ಪ್ರಶ್ನೆ ಒಂದಿದೆ. "ರಾಜ್‌ಕುಮಾರ್‌ಗೆ ಪಿ.ಬಿ.ಎಸ್. ದನಿ ಚೆಂದವೋ, ಅವರದೇ ದನಿ ಚೆಂದವೋ?" 1974ರ ನಂತರ ರಾಜ್ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಅದಕ್ಕೂ ಮುಂಚೆ ಸಿನಿಮಾ ನೋಡಿದವರಿಗೂ ಆಮೇಲೆ ನೋಡಿದವರಿಗೂ ಈ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯ. ಟೀ ಆರಿಹೋದರೂ ವಾದ ಮುಗಿಯುವುದಿಲ್ಲ. ನೀವು ಯಾವ ಕಡೆಗೂ ಗಟ್ಟಿಯಾಗಿ ನಿಲ್ಲಬೇಡಿ, ಎರಡೂ ಕಡೆಯವರ ಹತ್ತಿರ ಒಂದೊಂದು ಹಾಡಿನ ಹೆಸರು ಕೇಳಿ ಬರೆದುಕೊಳ್ಳಿ.

ಟಿವಿ: ದಿನಾ ಒಂದೇ ಹೊತ್ತಿಗೆ ಬರುವುದೇ ಅದರ ಬಲ

ಹಾಡು ಯಾವಾಗ ಬೇಕಾದರೂ ಕೇಳಬಹುದು. ಸೀರಿಯಲ್ ಹಾಗಲ್ಲ. ವಾರದಲ್ಲಿ ಐದಾರು ದಿನ ಅದೇ ಹೊತ್ತಿಗೆ ಬರುತ್ತದೆ, ದಿನಾ ಒಂದು ಗಂಟು ಹಾಕಿ ನಿಲ್ಲುತ್ತದೆ. ಹಾಗಾಗಿ ನಾಳೆಯ ಮಾತಿಗೆ ವಿಷಯ ತಾನಾಗಿಯೇ ಸಿಗುತ್ತದೆ. ಮೊಬೈಲಿನಲ್ಲಿ ಇಡೀ ಸರಣಿಯನ್ನು ಒಂದೇ ರಾತ್ರಿ ನೋಡಿ ಮುಗಿಸುವುದಕ್ಕಿಂತ ಎಲ್ಲರೊಟ್ಟಿಗೆ ದಿನಕ್ಕೆ ಅರ್ಧ ಗಂಟೆ ನೋಡುವುದು ಪರಿಚಯಕ್ಕೆ ಎಷ್ಟೋ ಮೇಲು.

ಪಿಜಿಯಲ್ಲಿ ಹಾಲ್‌ನಲ್ಲಿರುವ ಟಿವಿಗೆ ಆಗಲೇ ಒಂದು ಕ್ರಮ ಇರುತ್ತದೆ. ಯಾರ ಹೊತ್ತು ಯಾವುದು, ರಿಮೋಟ್ ಯಾರ ಕೈಯಲ್ಲಿ ಅಂತ ಮೊದಲು ನೋಡಿ. ಹೋದ ದಿನವೇ ಚಾನಲ್ ಬದಲಿಸಬೇಡಿ. ಅವರು ನೋಡುತ್ತಿರುವುದು ನಿಮಗೆ ಗೊತ್ತಿಲ್ಲದ ಸೀರಿಯಲ್ ಆದರೆ ಒಳ್ಳೆಯದೇ ಆಯಿತು. ಜಾಹೀರಾತು ಬರುವವರೆಗೆ ಸುಮ್ಮನೆ ಕೂತು, ಆಮೇಲೆ ಕೇಳಿ: "ಆ ನೀಲಿ ಸೀರೆಯವರು ಇವನಿಗೆ ಏನಾಗಬೇಕು?" ಮೂರು ಜನ ಒಟ್ಟಿಗೆ ಉತ್ತರ ಕೊಡುತ್ತಾರೆ. ಒಬ್ಬಳು ಮೊದಲ ಎಪಿಸೋಡಿನಿಂದ ಹೇಳುತ್ತಾಳೆ, ಇನ್ನೊಬ್ಬಳು "ಅದೆಲ್ಲ ಬಿಡೇ, ಇವಳು ಇವನ ಚಿಕ್ಕಮ್ಮ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಮೂರನೆಯವಳು ನಿಮಗೆ ಜಾಗ ಮಾಡಿಕೊಡುತ್ತಾಳೆ. ಮಾರನೇ ದಿನ ನೀವು ತಡವಾಗಿ ಬಂದರೆ ಕಥೆ ಹೇಳಲು ಜನ ಇರುತ್ತಾರೆ.

ಇಲ್ಲೊಂದು ಮಾತು. "ಈ ಸೀರಿಯಲ್‌ಗಳನ್ನೆಲ್ಲ ಹೇಗೆ ನೋಡ್ತೀರೋ" ಎಂದು ಯಾವತ್ತೂ ಅನ್ನಬೇಡಿ. ದಿನವಿಡೀ ನಿಂತು ಕೆಲಸ ಮಾಡಿ ಬಂದವರಿಗೆ ಅದು ಅರ್ಧ ಗಂಟೆಯ ನೆಮ್ಮದಿ. ಅದನ್ನು ಹಂಗಿಸಿದವರನ್ನು ಅವರು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ.

ಸೀರಿಯಲ್ ಬೇಡವೆನ್ನುವವರಿಗೆ ಕ್ವಿಜ್ ಒಳ್ಳೆಯದು. ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸುವ 'ಥಟ್ ಅಂತ ಹೇಳಿ' 2002ರಲ್ಲಿ ಶುರುವಾದದ್ದು. ಸರಿ ಉತ್ತರಕ್ಕೆ ಅಲ್ಲಿ ಪುಸ್ತಕ ಕೊಡುತ್ತಾರೆ. ನಾಲ್ಕು ಜನ ಕೂತು, ಪರದೆಯ ಮೇಲೆ ಉತ್ತರ ಬರುವ ಮುಂಚೆ ಜೋರಾಗಿ ಹೇಳುವುದು ಅಂತ ಮಾಡಿಕೊಂಡರೆ ಯಾರಿಗೆ ಯಾವ ವಿಷಯದಲ್ಲಿ ಆಸಕ್ತಿ ಅಂತ ಒಂದು ವಾರದಲ್ಲಿ ಗೊತ್ತಾಗುತ್ತದೆ. ವಾರಾಂತ್ಯದ ಹಾಡಿನ ಸ್ಪರ್ಧೆಗಳೂ ಹಾಗೆಯೇ. ತೀರ್ಪುಗಾರರು ಮಾತಾಡುವ ಮುಂಚೆ ನೀವೇ ಅಂಕ ಕೊಟ್ಟು ಹೋಲಿಸಿ ನೋಡಿ.

ಊರಿನ ಕಾರ್ಯಕ್ರಮಗಳಿಗೆ ಹೋಗಿ

ಕೋಲಾರದಲ್ಲಿದ್ದು ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗದಿದ್ದರೆ ದೊಡ್ಡ ನಷ್ಟ. ಹುಣ್ಣಿಮೆಯ ಸಂಜೆ ಅಲ್ಲಿ 'ಹುಣ್ಣಿಮೆ ಹಾಡು' ನಡೆಸುತ್ತಾ ಬಂದಿದ್ದಾರೆ. ಬಯಲಿನಲ್ಲಿ ಹಾಡು, ನಾಟಕ, ತಮಟೆ. ಆ ತಿಂಗಳು ಕಾರ್ಯಕ್ರಮ ಇದೆಯೇ ಎಂದು ಮೊದಲೇ ವಿಚಾರಿಸಿ. ಬೆಟ್ಟದಿಂದ ಇಳಿಯುವಾಗ ಹೊತ್ತಾಗುತ್ತದೆ, ಹಾಗಾಗಿ ಬೈಕಿದ್ದವರ ಜೊತೆ ಗುಂಪಾಗಿ ಹೋಗಿ. ಹಾಗೆ ಹೋಗಲು "ಯಾರು ಬರ್ತೀರಾ?" ಅಂತ ಆಫೀಸಿನಲ್ಲಿ ಕೇಳುವುದೇ ಪರಿಚಯಕ್ಕೆ ಒಂದು ನೆಪ.

ಪೇಟೆಯೊಳಗೆ ಟಿ. ಚನ್ನಯ್ಯ ರಂಗಮಂದಿರ ಇದೆ. ಯುಗಾದಿ ಕಳೆದ ಮೇಲೆ ಊರೂರಲ್ಲೂ ಹೂವಿನ ಕರಗ, ಅದರ ಜೊತೆ ರಾತ್ರಿ ರಸಮಂಜರಿ. ಗಣೇಶನ ಹಬ್ಬಕ್ಕೂ ಅಷ್ಟೇ. ಧನುರ್ಮಾಸದಲ್ಲಿ ನಸುಕಿಗೇ ಭಜನೆ. ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಮೂರು ದಿನ ಹಗಲು ರಾತ್ರಿ ಸಂಗೀತೋತ್ಸವ. ಅಲ್ಲಿನ ಸಂತ ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಬರೆದವರು, ಕೇಳಲು ಬರುವವರೂ ಎರಡೂ ಭಾಷೆಯವರು. ತಮಟೆ ಇಷ್ಟವಾದರೆ ಈ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಹೋದಾಗ ಮಾಡಬೇಕಾದ್ದು ಎರಡು. ಒಂದು, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾ ನಿಲ್ಲಬೇಡಿ, ಪಕ್ಕದಲ್ಲಿ ಕೂತವರ ಮುಖ ನೋಡಿ. ಎರಡು, ಮುಗಿದ ತಕ್ಷಣ ಹೊರಡಬೇಡಿ. ಜಮಖಾನೆ ಮಡಚಲು, ಕುರ್ಚಿ ಜೋಡಿಸಲು ಕೈ ಹಾಕಿ. ಹಾಡು ಕೇಳಿದವರು ನೂರು ಜನ ಇರುತ್ತಾರೆ, ಜಮಖಾನೆ ಮಡಚುವವರು ಐದು ಜನ. ಆ ಐದು ಜನರೇ ಮುಂದಿನ ಕಾರ್ಯಕ್ರಮಕ್ಕೆ ನಿಮಗೆ ಫೋನ್ ಮಾಡುವವರು.

ಹಾಡಲು ಅಲ್ಪಸ್ವಲ್ಪ ಬಂದರೆ ಪೌರಾಣಿಕ ನಾಟಕದ ತಂಡ ಸೇರಿ. ಹಳ್ಳಿಗಳಲ್ಲಿ ಪಾತ್ರಕ್ಕೆ ಇಷ್ಟು ಎಂದು ದುಡ್ಡು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ನಿಮಗೆ ದೂತನ ಪಾರ್ಟು ಸಿಕ್ಕರೂ ಪರವಾಗಿಲ್ಲ. ರಾತ್ರಿ ಹೊತ್ತು ಒಟ್ಟಿಗೆ ನಾಟಕದ ಕಂದ, ವೃತ್ತದ ಪದ್ಯ ಕಲಿತವರು ಆಮೇಲೆ ಪರಕೀಯರಾಗಿ ಉಳಿಯುವುದಿಲ್ಲ.

ನಿಮ್ಮದೇ ಚಿಕ್ಕ ಕೂಟ

ನಾಲ್ಕೈದು ಜನ ಪರಿಚಯವಾದ ಮೇಲೆ ಭಾನುವಾರ ಸಂಜೆ ಒಂದು ರೂಮಿನಲ್ಲಿ ಸೇರಿ. ಒಬ್ಬರು ಒಂದೇ ಹಾಡು ತರಬೇಕು. ಹಾಡು ಮುಗಿಯುವವರೆಗೆ ಯಾರೂ ಮಾತಾಡಬಾರದು. ಆಮೇಲೆ ತಂದವರು ಯಾಕೆ ತಂದೆ ಅಂತ ಹೇಳಬೇಕು. ಈ ಮೂರು ನಿಯಮ ಇಟ್ಟುಕೊಂಡರೆ ಸಾಕು. ಇಲ್ಲದಿದ್ದರೆ ಸ್ಪೀಕರ್ ಹಿಡಿದುಕೊಂಡ ಒಬ್ಬನೇ ಎಲ್ಲ ಹಾಡು ಹಾಕುತ್ತಾನೆ, ಉಳಿದವರು ಮೊಬೈಲ್ ನೋಡುತ್ತಾರೆ. ಬರುವಾಗ ಯಾರಾದರೂ ಬಂಗಾರಪೇಟೆ ಚಾಟ್ಸ್ ಕಟ್ಟಿಸಿಕೊಂಡು ಬಂದರೆ ಬಹಳ ಒಳ್ಳೆಯದು.

ಮನೆ ಓನರ್‌ಗೆ ಮುಂಚೆಯೇ ಹೇಳಿ, ಸಾಧ್ಯವಾದರೆ ಅವರನ್ನೂ ಕರೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂಬ ಕೇಂದ್ರದ ನಿಯಮ 2000ದಿಂದ ಇದೆ. ರೂಮಿನ ಸ್ಪೀಕರ್ ಆದರೂ ಆ ಹೊತ್ತಿಗೆ ನಿಲ್ಲಿಸಿ. ಪರೀಕ್ಷೆಯ ದಿನಗಳಲ್ಲಿ ಇನ್ನೂ ಮುಂಚೆ.

ಎಚ್ಚರ ಇರಬೇಕಾದ ಕಡೆ

ಹಾಡು ಇಷ್ಟ ಅಂದ ಮಾತ್ರಕ್ಕೆ ಮನುಷ್ಯ ಒಳ್ಳೆಯವನು ಅಂತಲ್ಲ. ಹೊಸದಾಗಿ ಪರಿಚಯವಾದವರನ್ನು ಮೊದಲ ಸಲ ಹಗಲು ಹೊತ್ತು, ಜನ ಇರುವ ಹೋಟೆಲಿನಲ್ಲಿ ಭೇಟಿ ಮಾಡಿ. ಹೆಣ್ಣುಮಕ್ಕಳಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ರೂಮ್‌ಮೇಟ್‌ಗೆ ತಿಳಿಸಿ. ಹಾಡಿನ ಲಿಂಕ್ ಬರುತ್ತಿದ್ದ ನಂಬರಿನಿಂದ ಅರ್ಧರಾತ್ರಿ ಬೇರೆ ಮಾತು ಬಂದರೆ ಬ್ಲಾಕ್ ಮಾಡಿ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಸಾಲ ಕೇಳಿದರೂ ಅಷ್ಟೇ. ಗಂಡಸರಿಗೆ ಒಂದು ಮಾತು: ಒಬ್ಬಳು ನಿಮ್ಮ ಜೊತೆ ಹಾಡಿನ ಬಗ್ಗೆ ಖುಷಿಯಿಂದ ಮಾತಾಡಿದರೆ ಅದು ಹಾಡಿನ ಖುಷಿ. ಅದಕ್ಕೆ ಬೇರೆ ಅರ್ಥ ಕಟ್ಟಬೇಡಿ.

ಹೀರೋಗಳ ಅಭಿಮಾನದ ಜಗಳಕ್ಕೆ ಇಳಿಯಬೇಡಿ. ನಮ್ಮ ಹೀರೋ, ನಿಮ್ಮ ಹೀರೋ ಅಂತ ಶುರುವಾದ ಮಾತು ಮೂರೇ ನಿಮಿಷದಲ್ಲಿ ಜಾತಿಗೆ, ಭಾಷೆಗೆ ಹೋಗಿ ನಿಲ್ಲುತ್ತದೆ. ಅಂಥ ಹೊತ್ತಲ್ಲಿ ನಟರನ್ನು ಬಿಟ್ಟು ಆ ಸಿನಿಮಾದ ಹಾಡಿಗೆ ಮಾತು ತಿರುಗಿಸಿ.

ಶಿಫ್ಟ್ ಬದಲಾದಾಗ

ಇಲ್ಲಿ ಪರಿಚಯಗಳು ಹೆಚ್ಚಾಗಿ ಕಡಿದುಹೋಗುವುದು ಮನಸ್ತಾಪದಿಂದ ಅಲ್ಲ. ಒಬ್ಬರಿಗೆ ನೈಟ್ ಶಿಫ್ಟ್ ಬೀಳುತ್ತದೆ, ಇನ್ನೊಬ್ಬರು ಮಾಲೂರಿಗೆ ಮನೆ ಬದಲಿಸುತ್ತಾರೆ, ಬಸ್ ಬೇರೆಯಾಗುತ್ತದೆ. ಆಗ "ಹೇಗಿದ್ದೀರಾ?" ಅಂತ ಮೆಸೇಜ್ ಹಾಕಿದರೆ "ಚೆನ್ನಾಗಿದ್ದೀನಿ" ಅಂತ ಬಂದು ನಿಲ್ಲುತ್ತದೆ. ಅದರ ಬದಲು ವಾರಕ್ಕೊಮ್ಮೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಆ ವಾರ ಕೇಳಿದ ಒಂದು ಹಾಡಿನ ಮಾತೋ, ಸೀರಿಯಲ್‌ನಲ್ಲಿ ಅವರಿಗೆ ತಪ್ಪಿಹೋದ ಕಥೆಯೋ, ಎರಡು ನಿಮಿಷ ಮೀರದಂತೆ ಹೇಳಿ. ಅವರು ಆಗಲೇ ಉತ್ತರ ಕೊಡದಿದ್ದರೆ ಬೇಸರ ಬೇಡ. ಶಿಫ್ಟ್ ಮುಗಿಸಿ, ಊಟ ಮಾಡಿ, ಮಲಗುವ ಮುಂಚೆ ಕೇಳಿಕೊಳ್ಳುತ್ತಾರೆ.